ಮಾಮಾನ ಕೆಂಪು ಡಬ್ಬಿ

ಚಿಂದಿಯ ಗಂಟು ಬಿಚ್ಚಲೇ ಇಲ್ಲ. ಶೀತಲ್ ಉಗುರು ಹಾಕಿ ಎಳೆದಳು, ಹಲ್ಲು ಹಾಕಿ ಕಚ್ಚಿದಳು. ಬಣ್ಣ ಕುಡಿದು ಕುಡಿದು ಆ ಚಿಂದಿ ಕಟ್ಟಿಗೆಯಂತೆ ಗಟ್ಟಿಯಾಗಿತ್ತು.

"ಕತ್ತರಿ ತಗೋ," ಅಂದ ಮಧು.

ಮಧು ಪಕ್ಕದ ಮನೆಯವನು, ಅವಳ ಕ್ಲಾಸಿನವನೇ. ಕೆಲಸ ಮಾಡುವುದಕ್ಕಿಂತ ಕಟ್ಟೆಯ ಮೇಲೆ ಕುಳಿತು ಸಲಹೆ ಕೊಡುವುದೆಂದರೆ ಅವನಿಗೆ ಬಹಳ ಇಷ್ಟ.

"ನೀನೂ ಒಂದ ಡಬ್ಬಿ ತಿಕ್ಕಬಾರದಾ?"

"ನಮ್ಮ ಮನ್ಯಾಗ ಹೊಲಿಗಿ ಮಶೀನ್ ಒರಸಿ ಬಂದೇನಿ. ನನ್ನ ಡ್ಯೂಟಿ ಮುಗೀತು."

ಶೀತಲ್ ಒಳಗೆ ಹೋಗಿ ಕತ್ತರಿ ತಂದಳು. ಕಚಕ್ ಅಂತ ಚಿಂದಿ ತುಂಡಾಗಿ ಕೆಳಗೆ ಬಿತ್ತು.

ಅವತ್ತು ಖಂಡೆ ಪೂಜೆ. ದಸರೆಯ ಹಿಂದಿನ ದಿನ ಮುರಗೋಡದಲ್ಲಿ ಯಾರ ಮನೆಯಲ್ಲಿ ಏನು ಕೆಲಸದ ಸಾಮಾನು ಇದೆಯೋ ಅದನ್ನೆಲ್ಲ ತೊಳೆದು, ವಿಭೂತಿ ಹಚ್ಚಿ, ಚೆಂಡು ಹೂವು ಇಟ್ಟು ಪೂಜೆ ಮಾಡುತ್ತಾರೆ. ರೈತರ ಮನೆಯಲ್ಲಿ ಟ್ರ್ಯಾಕ್ಟರು, ಕುಡಗೋಲು. ಮಧುವಿನ ಮನೆಯಲ್ಲಿ ಹೊಲಿಗೆ ಯಂತ್ರ. ಶೀತಲ್ ಮನೆಯಲ್ಲಿ ಮಾಮಾನ ಬ್ರಶ್ಶು, ಬಣ್ಣದ ಡಬ್ಬಿಗಳು.

ಮಾಮಾ ಅಂದರೆ ಅವ್ವನ ತಮ್ಮ ಪರಸಪ್ಪ. ಊರಿಗೆಲ್ಲ ಅವನು ಪೇಂಟರ್ ಪರಸಪ್ಪ. ಅಂಗಡಿ ಬೋರ್ಡು ಬರೆಯುತ್ತಾನೆ, ಬಾಗಿಲಿಗೆ ಬಣ್ಣ ಹೊಡೆಯುತ್ತಾನೆ, ಟ್ರಾಲಿಗಳ ಹಿಂದೆ ಚಿತ್ರ ಬಿಡಿಸುತ್ತಾನೆ. ಅವನಿಗೆ ನೀಲಿ ಬಣ್ಣದ ಹುಚ್ಚು. ಯಾವ ಬಣ್ಣ ಹಚ್ಚಲಿ ಎಂದು ಯಾರಾದರೂ ಕೇಳಿದರೆ ಸಾಕು, ನೀಲಿ ಅನ್ನುತ್ತಾನೆ. ಅವರ ಓಣಿಯ ಬಾಗಿಲುಗಳೆಲ್ಲ ನೀಲಿಯಾಗಿದ್ದು ಹಾಗೆಯೇ. "ಇವನ ಕೈಗೆ ಬಿಟ್ರ ನಮ್ಮ ಎಮ್ಮಿಗೂ ನೀಲಿ ಹಚ್ಚತಾನ," ಅಂತ ಅವ್ವ ಆಡಿಕೊಳ್ಳುತ್ತಾಳೆ.

ಈಗ ಮಾಮಾ ಸಾಮಾನು ತರಲು ಬೈಲಹೊಂಗಲಕ್ಕೆ ಹೋಗಿದ್ದ. ಅವ್ವ ಹೋಳಿಗೆಯ ಹೂರಣ ರುಬ್ಬುತ್ತ, "ಶೀತಲ್, ಮಾಮಾನ ಸಾಮಾನ ಸ್ವಚ್ಛ ತೊಳದಿಡು," ಅಂದಿದ್ದಳು. ಶೀತಲ್ ಕೆಲಸ ಹಿಡಿದರೆ ಅರ್ಧಕ್ಕೆ ಬಿಡುವವಳಲ್ಲ. ಅದೇ ತೊಂದರೆಯಾಯಿತು ಅನ್ನಿ.

ಮಾಮಾನ ಡಬ್ಬಿಗಳು ನೋಡಲು ಚಂದ ಇರಲಿಲ್ಲ. ಒಂದು ಹಳೆಯ ಎಣ್ಣೆ ಡಬ್ಬಿ, ಒಂದು ಹಾಲಿನ ಪುಡಿ ಡಬ್ಬಿ, ಹೀಗೆ. ದೊಡ್ಡ ಡಬ್ಬಿಯಿಂದ ಬೇಕಾದಷ್ಟು ಬಣ್ಣ ಇವುಗಳಿಗೆ ಸುರಿದುಕೊಂಡು ಅವನು ಕೆಲಸಕ್ಕೆ ಒಯ್ಯುತ್ತಿದ್ದ. ಮೈತುಂಬ ಎಲ್ಲ ಬಣ್ಣವೂ ಸುರಿದು ಒಣಗಿತ್ತು. ಕೆಂಪು ಡಬ್ಬಿಯ ಹಿಡಿಕೆಗೆ ಈ ಚಿಂದಿ ಕಟ್ಟಿತ್ತು. ಹಸಿರಿಗೆ ಗೋಣಿ ಹುರಿ. ಕಂದು ಬಣ್ಣದ ಡಬ್ಬಿಗೆ ಸೈಕಲ್ ಟ್ಯೂಬಿನ ತುಂಡು. ನೀಲಿ, ಹಳದಿ, ಬಿಳಿ, ಕರಿ ಡಬ್ಬಿಗಳಿಗೆ ಮಾತ್ರ ಏನೂ ಕಟ್ಟಿರಲಿಲ್ಲ.

"ಹೊಲಸ ನೋಡು," ಎಂದು ಶೀತಲ್ ಹುರಿಯನ್ನೂ ಟ್ಯೂಬನ್ನೂ ಕತ್ತರಿಸಿದಳು. ಎಲ್ಲವನ್ನೂ ಒಯ್ದು ಹಿತ್ತಲಿನ ನೀರೊಲೆಗೆ ಹಾಕಿದಳು. ಬಣ್ಣದ ಚಿಂದಿ ಅಲ್ಲವೇ, ಭಗ್ಗನೆ ಹೊತ್ತಿಕೊಂಡಿತು.

ಆಮೇಲೆ ಟರ್ಪೆಂಟೈನ್ ಹಚ್ಚಿ ಡಬ್ಬಿಗಳನ್ನು ತಿಕ್ಕಿದಳು. ತಗಡು ಫಳಫಳ ಹೊಳೆಯಿತು. ಅವುಗಳ ಸಾಲನ್ನೂ ಬದಲಿಸಿದಳು. ಮಾಮಾ ಯಾವಾಗಲೂ ಕೆಂಪು ಡಬ್ಬಿಯನ್ನು ಎಡತುದಿಗೆ ಇಡುತ್ತಿದ್ದ. ಬಾಗಿಲ ತೋರಣದ ಹತ್ತಿರ ಹಸಿರು ಇದ್ದರೆ ಚಂದ ಎಂದು ಅವಳು ಹಸಿರನ್ನು ಎಡತುದಿಗೂ ಕೆಂಪನ್ನು ಹಸಿರಿನ ಜಾಗಕ್ಕೂ ಇಟ್ಟಳು. ಮುಚ್ಚಳ ಹಾಕಿ, ಒಂದೊಂದಕ್ಕೂ ಚೆಂಡು ಹೂವಿನ ಮಾಲೆ ಹಾಕಿದಳು. ಮಧು ಕೂಡ ಕಟ್ಟೆಯಿಂದ ಇಳಿದು ಬಂದು, "ಒಂದನೇ ನಂಬರ್," ಅಂದ.

ಸಂಜೆ ಮಾಮಾ ಬಂದ. ಡಬ್ಬಿಗಳ ಮುಂದೆ ನಿಂತ.

"ಹೆಂಗೈತಿ ಮಾಮಾ?"

"ಭಾಳ ಚಂದ ಮಾಡಿದಿ ಶೀತವ್ವಾ," ಅಂದ. ಆಮೇಲೆ ಬಗ್ಗಿ ನೋಡಿ, "ಚಿಂದಿ ಕಟ್ಟಿದ್ದೆ ಅಲ್ಲ? ಹುರಿ?" ಎಂದು ಕೇಳಿದ.

"ಹೊಲಸ ಆಗಿದ್ವು. ಕತ್ತರಿಸಿ ನೀರೊಲಿಗೆ ಹಾಕಿದೆ."

ಮಾಮಾ ಹಿತ್ತಲ ಕಡೆ ನೋಡಿದ. ಅಲ್ಲಿ ಸಣ್ಣಗೆ ಹೊಗೆ ಏಳುತ್ತಿತ್ತು.

"ಆತ ಬಿಡು," ಅಂದ.

ಪೂಜೆ ಮುಗಿದ ಮೇಲೂ ಅವನು ಡಬ್ಬಿಗಳ ಮುಂದೆ ಸುಮ್ಮನೆ ಕುಳಿತೇ ಇದ್ದ. ತಾನು ಮಾಡಿದ್ದು ಅವನಿಗೆ ಅಷ್ಟು ಹಿಡಿಸಿದೆ ಎಂದುಕೊಂಡ ಶೀತಲ್ ಇನ್ನೊಂದು ಹೋಳಿಗೆ ತಿಂದಳು.

ಮರುದಿನ ದಸರೆ. ಬೆಳಿಗ್ಗೆಯೇ ಮಹಾಂತಪ್ಪ ಕಾಕಾನ ಟ್ರಾಲಿ ಅವರ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ಬಂದು ನಿಂತಿತು. ಮಹಾಂತಪ್ಪ ಕಾಕಾ ಕಬ್ಬಿನ ರೈತ, ಮಾತು ಸ್ವಲ್ಪ ಜೋರು. ಅವನ ಟ್ರಾಲಿಯ ಹಿಂದಿನ ಹಲಗೆಗೆ ಮಾಮಾ ಮೊದಲೇ ನೀಲಿ ಬಳಿದು, ನಡುವೆ ಹಳದಿಯಲ್ಲಿ ಹೆಸರು ಬರೆದಿದ್ದ. ಅತ್ತ ಇತ್ತ ಎರಡು ಗಿಣಿಗಳ ಗೆರೆ ಎಳೆದಿದ್ದ. ಕೊಕ್ಕಿನಲ್ಲಿ ಒಂದೊಂದು ಹಣ್ಣು ಮೆಣಸಿನಕಾಯಿ. ಬಣ್ಣ ತುಂಬುವುದಷ್ಟೇ ಉಳಿದಿತ್ತು.

"ಸಂಜಿಕ ಬನ್ನಿ ಕಟ್ಟಿಗೆ ತಗೊಂಡ ಹೋಗಬೇಕು," ಅಂದ ಮಹಾಂತಪ್ಪ ಕಾಕಾ. "ನಾಳೆ ಕಬ್ಬ ಹೇರೂದೈತಿ. ಡ್ರೈವರ ಬಂದು ಒಯ್ತಾನ. ತಡಾ ಮಾಡಬ್ಯಾಡ."

"ಆತ್ರಿ ಮಹಾಂತಪ್ಪಣ್ಣಾ."

ಕಾಕಾ ಹೋದ. ಶೀತಲ್, ಮಧು ಚೀಲ ಹಿಡಿದು ಬನ್ನಿ ಎಲೆ ತರಲು ಹೊರಟರು. ಮಾಮಾ ಡಬ್ಬಿಗಳನ್ನು ಸಾಲಾಗಿ ಇಟ್ಟುಕೊಂಡು ಅವಳನ್ನು ಕರೆದ.

"ಶೀತವ್ವಾ, ಸ್ವಲ್ಪ ಹೊತ್ತ ನನ್ನ ಬಾಜೂಕ ಕುಂದರತೀ ಏನು?"

"ಬನ್ನಿ ತರಾಕ ಹೊಂಟೇವಿ ಮಾಮಾ. ಯಾಕ?"

"ಏನಿಲ್ಲ," ಅಂದ ಮಾಮಾ. "ಹೋಗಿ ಬಾ."

ಅವರು ಹೊಲದ ಬದುವಿಗೆ ಹೋದರು. ಅಲ್ಲಿ ಉಳಿದ ಹುಡುಗರೂ ಸಿಕ್ಕರು. ಬನ್ನಿ ಮುಳ್ಳು ಚುಚ್ಚಿಸಿಕೊಂಡು, ಎಲೆ ತುಂಬಿಕೊಂಡು, ಕಾಲುವೆಯಲ್ಲಿ ಕಾಲು ಇಳಿಬಿಟ್ಟು ಕುಳಿತು, ಮನೆಗೆ ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಡ್ರೈವರು ಟ್ರಾಲಿಯನ್ನು ಆಗಲೇ ಒಯ್ದಿದ್ದ. ಮಾಮಾ ಕೈ ತೊಳೆದುಕೊಳ್ಳುತ್ತಿದ್ದ.

ಇಳಿಹೊತ್ತಿಗೆ ಊರಿನವರೆಲ್ಲ ಬನ್ನಿ ಕಟ್ಟೆಯ ಹತ್ತಿರ ಸೇರಿದರು. ಹೊಸ ಅಂಗಿ, ಹೊಸ ಸೀರೆ. ಒಬ್ಬರ ಕೈಗೊಬ್ಬರು ಬನ್ನಿ ಕೊಟ್ಟು, "ಬನ್ನಿ ತಗೊಂಡ ಬಂಗಾರದಂಗ ಇರೂಣು," ಅನ್ನುತ್ತಿದ್ದರು. ನಿನ್ನೆಯವರೆಗೆ ಜಗಳಾಡಿದವರೂ ಅವತ್ತು ಬನ್ನಿ ಕೊಡಲೇಬೇಕು. ಶೀತಲ್ ಚೀಲ ಹಿಡಿದು ಓಡಾಡಿ ಕೊಡುತ್ತಿದ್ದಳು. ಮಾಮಾನಿಗೆ ಕೊನೆಗೆ ಕೊಡೋಣ ಎಂದು ಒಳ್ಳೆಯ ಎಲೆಗಳನ್ನು ಬೇರೆ ಇಟ್ಟಿದ್ದಳು.

ಆಗ ಮಹಾಂತಪ್ಪ ಕಾಕಾನ ಟ್ರ್ಯಾಕ್ಟರು ಬಂತು. ಬಾಳೆಕಂಬ, ಮಾವಿನ ತೋರಣ, ಹಾಡು ಬೇರೆ. ಕಟ್ಟೆಯ ಸುತ್ತ ತಿರುಗಿ, ಹಿಂದಿನ ಹಲಗೆ ಜನರ ಕಡೆ ಆಗುವಂತೆ ನಿಂತಿತು.

ಮೊದಲು ನೋಡಿದವನು ಮಧು. "ಲೇ, ಗಿಣಿ ನೋಡ್ರಲೇ," ಅಂದ.

ಎಲ್ಲರೂ ನೋಡಿದರು. ಒಬ್ಬರು ನಕ್ಕರು, ಆಮೇಲೆ ಇಬ್ಬರು, ಆಮೇಲೆ ಇಡೀ ಕಟ್ಟೆಯೇ ನಕ್ಕಿತು. ಗಿಣಿಗಳು ಕೆಂಪಗಿದ್ದವು. ಕುಂಕುಮದಷ್ಟು ಕೆಂಪು. ಅವುಗಳ ಕೊಕ್ಕು ಹಸಿರು. ಕೊಕ್ಕಿನಲ್ಲಿದ್ದ ಹಣ್ಣು ಮೆಣಸಿನಕಾಯಿಯೂ ಹಸಿರು. ಕುಳಿತ ಟೊಂಗೆಯ ಎಲೆಗಳೂ ಕೆಂಪು.

"ಬಿಸಲಾಗ ಕುಂತ ಸುಟ್ಟಾವೇನೋ."

"ಕೆಂಪ ಚಟ್ನಿ ತಿಂದಾವು."

ಮಹಾಂತಪ್ಪ ಕಾಕಾ ಟ್ರ್ಯಾಕ್ಟರಿನಿಂದ ಇಳಿದು ಹಿಂದೆ ಬಂದು ನೋಡಿದ. ಅವನ ಮುಖವೂ ಗಿಣಿಯ ಬಣ್ಣಕ್ಕೆ ತಿರುಗಿತು. ಜನರ ನಡುವೆ ಮಾಮಾನನ್ನು ಹುಡುಕಿದ.

"ಏನ ಪರಸಪ್ಪಾ, ಹಬ್ಬದ ದಿನಾನ ಹಾಕ್ಕೊಂಡಿ ಏನು?"

"ಹಾಕ್ಕೊಂಡನ ಹಚ್ಚಿರಬೇಕು," ಎಂದು ಹಿಂದೆ ಯಾರೋ ಸೇರಿಸಿದರು.

ಮಾಮಾ ಕುಡಿಯುವುದು ಇರಲಿ, ಎಲೆಯಡಿಕೆ ಕೂಡ ತಿನ್ನುವವನಲ್ಲ. ಅದು ಊರಿಗೇ ಗೊತ್ತು. ಆದರೆ ನಗುವ ಮಂದಿಗೆ ಆ ಹೊತ್ತಿನಲ್ಲಿ ಅದೆಲ್ಲ ಎಲ್ಲಿ ನೆನಪಾಗಬೇಕು.

ಮಾಮಾ ಮುಂದೆ ಬಂದು ಗಿಣಿಗಳನ್ನು ನೋಡಿದ. ರೆಕ್ಕೆ ನೋಡಿದ, ಬಾಲ ನೋಡಿದ, ಕಣ್ಣು ಓರೆಯಾಗಿದೆಯೇ ಎಂದು ನೋಡಿದ. ನಡುವಿನ ಹೆಸರನ್ನು ಅಕ್ಷರ ಅಕ್ಷರ ಓದಿದ. ಮತ್ತೆ ಗಿಣಿಗಳನ್ನು ನೋಡಿದ. ಆಮೇಲೆ ನಗುತ್ತಿದ್ದವರ ಮುಖ ನೋಡಿದ.

ಶೀತಲ್ ಅವನನ್ನೇ ನೋಡುತ್ತಿದ್ದಳು. ಮಾಮಾನಿಗೆ ತಪ್ಪು ಸಿಗುತ್ತಿಲ್ಲ. ಇವರೆಲ್ಲ ಯಾತಕ್ಕೆ ನಗುತ್ತಿದ್ದಾರೆ ಎಂಬುದೇ ಅವನಿಗೆ ಗೊತ್ತಾಗುತ್ತಿಲ್ಲ.

ಅವಳು ಜನರ ಸಂದಿಯಲ್ಲಿ ತೂರಿ ಅವನ ಹತ್ತಿರ ಹೋದಳು. ಕೈ ಹಿಡಿದು ಎಳೆದಳು. ಮಾಮಾ ಬಗ್ಗಿದ.

"ಮಾಮಾ, ಗಿಣಿ ಕೆಂಪ ಆಗ್ಯಾವು," ಎಂದು ಕಿವಿಯಲ್ಲಿ ಹೇಳಿದಳು.

ಬೇರೆಯವರಿಗೆ ಕೊಡಲು ಹಿಡಿದಿದ್ದ ಬನ್ನಿ ಎಲೆಗಳು ಮಾಮಾನ ಮುಷ್ಟಿಯಲ್ಲೇ ಮುದುಡಿದವು.

ಶೀತಲಳಿಗೆ ನಿನ್ನೆಯ ಕತ್ತರಿ, ಚಿಂದಿ, ತಾನು ಬದಲಿಸಿದ ಸಾಲು ಎಲ್ಲವೂ ನೆನಪಾಯಿತು. "ಕಾಕಾ, ಮಾಮಾಂದ ತಪ್ಪಿಲ್ರಿ. ಡಬ್ಬಿ ನಾ ಅದಲಿ ಬದಲಿ ಮಾಡಿದ್ದೆ," ಅಂದಳು. ಧ್ವನಿ ಅವಳು ಅಂದುಕೊಂಡಿದ್ದಕ್ಕಿಂತ ಸಣ್ಣದಾಗಿ ಬಂತು.

"ಡಬ್ಬಿ ಅದಲಿ ಬದಲಿ ಆದ್ರ ಕಣ್ಣೂ ಅದಲಿ ಬದಲಿ ಆಗತಾವೇನು?" ಅಂದ ಮಹಾಂತಪ್ಪ ಕಾಕಾ. ಜನ ಮತ್ತೆ ನಕ್ಕರು.

"ನಾಳೆ ನಸಿಕಲೇ ಸರಿ ಮಾಡಿ ಕೊಡತೇನ್ರಿ," ಎಂದಷ್ಟೇ ಹೇಳಿ ಮಾಮಾ ಶೀತಲಳ ಕೈ ಹಿಡಿದು ಅಲ್ಲಿಂದ ಹೊರಟ.

ನೀಲಿ ಬಾಗಿಲುಗಳು ಒಂದಾದ ಮೇಲೊಂದು ಹಿಂದೆ ಸರಿದವು. ಮನೆಯ ಕಟ್ಟೆಯ ಮೇಲೆ ಕುಳಿತಾಗ ಇನ್ನೂ ಬೆಳಕಿತ್ತು.

"ನಿನಗ ಕಣ್ಣ ಕಾಣೂದಿಲ್ಲೇನ ಮಾಮಾ?"

"ಎಲ್ಲಾ ಕಾಣತೈತಿ. ದೂರದ್ದೂ ಕಾಣತೈತಿ, ಸಣ್ಣದೂ ಕಾಣತೈತಿ. ಕೆಂಪು ಹಸರು ಮಾತ್ರ ಬ್ಯಾರೆ ಬ್ಯಾರೆ ಕಾಣೂದಿಲ್ಲ. ಹುಟ್ಟಿದಾಗಿಂದ ಹಂಗ."

"ಕೆಂಪು ಹೆಂಗ ಕಾಣತೈತಿ?"

"ಹಸರಿನಂಗ."

"ಮತ್ತ ಹಸರು?"

"ಕೆಂಪಿನಂಗ."

ಶೀತಲಳಿಗೆ ನಗು ಬಂದುಬಿಟ್ಟಿತು. ತಕ್ಷಣ ಬಾಯಿ ಮುಚ್ಚಿಕೊಂಡಳು. ಆದರೆ ಮಾಮಾನೂ ನಕ್ಕ. ಬನ್ನಿ ಕಟ್ಟೆಯ ಹತ್ತಿರ ನಕ್ಕವರ ನಗುವಿನಂತೆ ಅದು ಇರಲಿಲ್ಲ.

"ನಾ ನಿನ್ನಷ್ಟ ಇದ್ದೆ," ಎಂದು ಮಾಮಾ ಹೇಳತೊಡಗಿದ. "ಹಣ್ಣಾದ ಮೆಣಸಿನಕಾಯಿ ಅಷ್ಟ ಹರಕೊಂಡ ಬಾ ಅಂತ ನಮ್ಮಪ್ಪ ಹೊಲಕ್ಕ ಕಳಿಸಿದ. ನಾ ಚೀಲದ ತುಂಬ ಹಣ್ಣೂ ಕಾಯೀ ಕಲಸಿ ತಂದೆ. ಮೈಗಳ್ಳ ಅಂತ ಅಪ್ಪ ಬೈದಾ. ಅವ್ವ ಬೈಲಿಲ್ಲ. ಮರುದಿನ ಹೊಲಕ್ಕ ಕರಕೊಂಡ ಹೋಗಿ, ಕೈಯಾಗ ಎರಡ ಕಾಯಿ ಹಿಡದು, ಯಾವದು ಕೆಂಪು ಹೇಳು ಅಂದ್ಲು. ನನಗ ಹೇಳಾಕ ಬರಲಿಲ್ಲ."

"ಆಯಿ ಏನಂದ್ಲು?"

ಮಾಮಾನ ಅವ್ವನೇ ಶೀತಲಳ ಆಯಿ, ಶಟ್ಟೆವ್ವ. ಅವಳು ತೀರಿಕೊಂಡು ಎರಡು ದಸರೆ ಕಳೆದಿದ್ದವು.

"ಇರಲಿ ಬಿಡು, ನಾ ಹೇಳತೇನಿ ಅಂದ್ಲು. ಆಮ್ಯಾಲೆ ನಾ ಪೇಂಟರ್ ಆಗತೇನಿ ಅಂದಾಗೂ ಬ್ಯಾಡ ಅನ್ನಲಿಲ್ಲ. ನಾ ಎಲ್ಲಿ ಕೆಲಸಕ್ಕ ಹೋದ್ರೂ ಜೋಡಿ ಬಂದ ಕುಂದರತಿದ್ಲು."

ಶೀತಲಳಿಗೆ ನೆನಪಿತ್ತು. ಮಾಮಾ ಗೋಡೆಗೆ ಬಣ್ಣ ಹಚ್ಚುವಾಗ ಪಕ್ಕದಲ್ಲಿ ಆಯಿ ಶೇಂಗಾ ಸುಲಿಯುತ್ತ ಕುಳಿತಿರುತ್ತಿದ್ದಳು. ಮುದುಕಿಗೆ ಮಗನನ್ನು ಬಿಟ್ಟಿರಲು ಆಗುವುದಿಲ್ಲ ಎಂದು ಓಣಿಯವರು ನಗುತ್ತಿದ್ದರು. ಆಯಿ ತಾನೂ ನಗುತ್ತಿದ್ದಳು. ನಗುತ್ತಲೇ ಶೇಂಗಾದ ಧೂಳು ಜಾಡಿಸಿ, ಒಂದು ಡಬ್ಬಿ ಎತ್ತಿ ಮಾಮಾನ ಕೈಗೆ ಕೊಡುತ್ತಿದ್ದಳು.

"ಡಬ್ಬಿ ಆಯೀನ ಕೊಡತಿದ್ಲು," ಅಂದಳು ಶೀತಲ್.

"ಹೂಂ. ಯಾರಿಗೂ ಗೊತ್ತಾಗಲಿಲ್ಲ. ನಿಮ್ಮವ್ವಗೂ ಗೊತ್ತಿಲ್ಲ. ಆಯಿ ಹಾಸಿಗಿ ಹಿಡದಾಗ ತನ್ನ ಸೀರಿ ಸೆರಗ ಹರದು ಕೆಂಪ ಡಬ್ಬಿಗೆ ಕಟ್ಟಿದ್ಲು. ಹಸರಿಗೆ ಗೋಣಿ ಹುರಿ ಕಟ್ಟಸಿದ್ಲು. ಕಂದೂ ನನಗ ಹಂಗ, ಅದಕ್ಕ ಟ್ಯೂಬ. ಹುರಿ ಮುಟ್ಟಿದ್ರ ಹಸರು, ನಾ ಸಿಕ್ಕರ ಕೆಂಪು, ನೆನಪ ಇಟ್ಕೋ ಅಂದ್ಲು."

ಶೀತಲ್ ಹಿತ್ತಲ ಕಡೆ ನೋಡಿದಳು. ಕಟ್ಟಿಗೆಯಂತೆ ಗಟ್ಟಿಯಾಗಿದ್ದ ಆ ಚಿಂದಿ. ಭಗ್ಗನೆ ಹೊತ್ತಿಕೊಂಡ ಆ ಚಿಂದಿ.

"ಆ ಸೀರಿ ಈಗ ಎಲ್ಲೈತಿ ಮಾಮಾ?"

"ಆಯಿ ಜೋಡಿನ ಮಣ್ಣಿಗೆ ಹೋತು. ಆಕೀನ ಅದನ್ನ ಉಡಸ್ರಿ ಅಂದಿದ್ಲು."

ಆಗ ಶೀತಲ್ ಅತ್ತಳು. ಸಣ್ಣಗೆ ಅಲ್ಲ, ಬಿಕ್ಕಿ ಬಿಕ್ಕಿ ಅತ್ತಳು. "ನಾ ಸುಟ್ಟಬಿಟ್ಟೆ ಮಾಮಾ. ಸ್ವಚ್ಛ ಮಾಡಾಕ ಹೋಗಿ ಸುಟ್ಟಬಿಟ್ಟೆ."

ಮಾಮಾ ಅವಳ ತಲೆಯನ್ನು ತನ್ನ ತೋಳಿಗೆ ಒರಗಿಸಿಕೊಂಡ. ಅವನ ಅಂಗಿ ಹೊಸದಾದರೂ ಟರ್ಪೆಂಟೈನಿನ ವಾಸನೆ ಹೋಗಿರಲಿಲ್ಲ.

"ನಾ ನಿನಗ ಹೇಳಿದ್ನೇನು? ಇಲ್ಲಲ್ಲ. ನಿನ್ನೆ ಡಬ್ಬಿ ನೋಡಿದಾಗಾದ್ರೂ, ಯಾವದು ಯಾವದು ಅಂತ ಕೇಳಬೇಕಿತ್ತು. ನಾಚಿಕಿ ಅಡ್ಡ ಬಂತು."

"ಡಬ್ಬಿ ಮ್ಯಾಲೆ ಹೆಸರ ಬರದ್ರ ಆಗೂದಿಲ್ಲೇನು?"

"ಮಧ್ಯಾಹ್ನದೊಳಗ ಬಣ್ಣಾ ಸುರದು ಹೆಸರ ಮುಚ್ಚಿ ಹೋಗತೈತಿ. ಮತ್ತ ಪೇಂಟರಗ ಯಾಕ ಬೇಕಪಾ ಹೆಸರು ಅಂತ ಮಂದಿ ಕೇಳತಾರ. ಚಿಂದಿ ಕಟ್ಟಿದ್ರ ಯಾರೂ ಕೇಳೂದಿಲ್ಲ."

ಶೀತಲ್ ಮೂಗು ಒರೆಸಿಕೊಂಡಳು. "ನೀ ಎಲ್ಲಾ ಬಾಗಿಲಕ್ಕೂ ನೀಲಿ ಹಚ್ಚೂದು ಅದಕ್ಕೇನು?"

"ನೀಲಿ ನನ್ನ ಗೆಳ್ಯಾ," ಅಂದ ಮಾಮಾ. ಅವನ ಮುಖ ಸ್ವಲ್ಪ ಅರಳಿತು. "ನವಿಲುತೀರ್ಥದ ಡ್ಯಾಮ್ ತುಂಬಿದಾಗ ನೋಡಾಕ ಹೋಗಿದ್ವಲ್ಲ, ಆ ನೀರ ನೋಡಿ ನನಗ ಊಟಾನ ನೆನಪಾಗಿರಲಿಲ್ಲ. ಹಳದೀನೂ ಹಂಗ. ಅವನ್ನ ಯಾರನ್ನೂ ಕೇಳಬೇಕಾಗಿಲ್ಲ, ನಾನ ನೋಡತೇನಿ. ಕೆಂಪು ಅಂದ್ರ ಮಾತ್ರ ನನಗ ಕಣ್ಣಿಗೆ ಬರೂದಿಲ್ಲ. ಅವ್ವನ ಕೈ ನೆನಪಾಗತೈತಿ. ಶೇಂಗಾ ಸುಲದ ಕೈ."

"ಮಂದಿಗೆ ಖರೆ ಹೇಳಬಾರದಾ? ಕುಡದಾನ ಅಂತಾರಲ್ಲ ಮಾಮಾ."

"ಬಣ್ಣಾ ಗೊತ್ತಾಗದ ಪೇಂಟರಗ ಯಾರ ಕೆಲಸಾ ಕೊಡತಾರವ್ವಾ," ಅಂದ ಮಾಮಾ.

ಶೀತಲಳಿಗೆ ಚೀಲದಲ್ಲಿ ಬೇರೆ ಇಟ್ಟಿದ್ದ ಬನ್ನಿ ನೆನಪಾಯಿತು. ಅದನ್ನು ತೆಗೆದು ಅವನ ಕೈಯಲ್ಲಿ ಇಟ್ಟಳು. "ಬನ್ನಿ ತಗೊಂಡ ಬಂಗಾರದಂಗ ಇರೂಣು ಮಾಮಾ." ಮಾಮಾ ತನ್ನ ಮುಷ್ಟಿಯಲ್ಲಿ ಮುದುಡಿದ್ದ ಎಲೆಗಳನ್ನೇ ನೀಟು ಮಾಡಿ ಅವಳಿಗೆ ಕೊಟ್ಟ.

ಮರುದಿನ ಹೊತ್ತು ಹುಟ್ಟುವ ಮೊದಲೇ ಟ್ರಾಲಿ ಬೇವಿನ ಗಿಡದ ಕೆಳಗೆ ಬಂದು ನಿಂತಿತು. ಈ ಸಲ ಮಹಾಂತಪ್ಪ ಕಾಕಾ ಹೋಗಲಿಲ್ಲ. ಒಂದು ಬಕೆಟ್ ಬೋರಲು ಹಾಕಿ ಅದರ ಮೇಲೆ ಕುಳಿತ. "ನಾ ಇಲ್ಲೇ ಕುಂತ ನೋಡತೇನಿ," ಅಂದ.

ಶೀತಲ್ ಎದ್ದು ಬಂದು ಮಾಮಾನ ಪಕ್ಕದಲ್ಲಿ, ಆಯಿ ಕೂರುತ್ತಿದ್ದ ಕಡೆಯೇ ಕುಳಿತಳು. ಮಾಮಾ ಬ್ರಶ್ಶು ಹಿಡಿದು ಡಬ್ಬಿಗಳ ಮುಚ್ಚಳ ತೆಗೆದ. ಅವನ ಕೈ ಒಂದು ಡಬ್ಬಿಯ ಮೇಲೆ ನಿಂತಿತು, ಪಕ್ಕದ್ದಕ್ಕೆ ಸರಿಯಿತು, ಮತ್ತೆ ಹಿಂದಕ್ಕೆ ಬಂತು.

ಶೀತಲ್ ಯಾರಿಗೂ ಕಾಣದಂತೆ ಹಸಿರು ಡಬ್ಬಿಯನ್ನು ಕಾಲ ಬೆರಳಿನಿಂದ ಮುಂದಕ್ಕೆ ತಳ್ಳಿದಳು. ಅಷ್ಟು ಸಾಕಿತ್ತು. ಮಾಮಾ ಅದನ್ನು ಎತ್ತಿಕೊಂಡಿದ್ದರೆ ಮಹಾಂತಪ್ಪ ಕಾಕಾನಿಗೆ ಏನೂ ತಿಳಿಯುತ್ತಿರಲಿಲ್ಲ.

ಮಾಮಾ ಅವಳ ಕಾಲನ್ನು ನೋಡಿದ. ಅವಳ ಮುಖ ನೋಡಿದ. ನಿನ್ನೆ ಅತ್ತಿದ್ದಕ್ಕೆ ಅವಳ ಕಣ್ಣುಗಳು ಇನ್ನೂ ಊದಿಕೊಂಡಿದ್ದವು.

"ಶೀತವ್ವಾ," ಎಂದು ಅವನು ಜೋರಾಗಿಯೇ ಕೇಳಿದ. "ಹಸರು ಯಾವದು? ಕೈಯಾಗ ಕೊಡು."

ಮಹಾಂತಪ್ಪ ಕಾಕಾ ಹುಬ್ಬೇರಿಸಿದ. "ಯಾಕ, ನಿನಗ ಕಾಣವಲ್ತೇನು?"

"ಇಲ್ಲ ಮಹಾಂತಪ್ಪಣ್ಣಾ. ಕೆಂಪು ಹಸರು ನನಗ ಗೊತ್ತಾಗೂದಿಲ್ಲ. ಮೊದಲಿಂದೂ ಗೊತ್ತಾಗೂದಿಲ್ಲ. ನಾ ಕುಡದಿರಲಿಲ್ಲ."

ಮಹಾಂತಪ್ಪ ಕಾಕಾ ಬಕೆಟ್ಟನ್ನು ಮುಂದಕ್ಕೆ ಎಳೆದುಕೊಂಡ. ಕೆಂಪು ಗಿಣಿಗಳನ್ನು ನೋಡುತ್ತ ಅಂದ.

"ನಮ್ಮ ಅಪ್ಪನ ಚಿತ್ರಾ ತಗದಿದ್ದಿಯಲ್ಲ, ಪಡಸಾಲಿ ಗ್ವಾಡಿಗೆ. ಅದರಾಗ ತಲಿಗೆ ಸುತ್ತಿದ ಪಟಗಾ ಕೆಂಪ ಐತಿ. ಸರಿ ಐತಿ. ನಮ್ಮಪ್ಪ ಕುಂತಂಗನ ಐತಿ."

"ನಮ್ಮವ್ವ ಬಾಜೂಕ ಕುಂತ ಬಣ್ಣಾ ಕೊಟ್ಟಿದ್ಲ್ರಿ."

"ಶಟ್ಟೆವ್ವ," ಅಂದ ಮಹಾಂತಪ್ಪ ಕಾಕಾ. "ನಮ್ಮ ಪಡಸಾಲ್ಯಾಗ ಶೇಂಗಾ ಸುಲೀತಾ ಕುಂತಿರತಿದ್ಲು. ನಾನೂ ಆಕೀನ ನೋಡಿ ನಕ್ಕಿದ್ದೆ."

ಅವನು ಬಕೆಟ್ಟಿನ ಮೇಲೆ ಅತ್ತಿತ್ತ ಸರಿದಾಡಿದ. ತಪ್ಪಾಯಿತು ಎನ್ನುವ ಮಾತು ಅವನ ಬಾಯಿಗೆ ಅಷ್ಟು ಸಲೀಸಾಗಿ ಬರುವಂಥದ್ದಲ್ಲ. ಬರಲೂ ಇಲ್ಲ. ಎದ್ದು ನಿಂತು ಧೋತರ ಜಾಡಿಸಿದ.

"ಗಿಣಿ ಎರಡೂ ಹಸರ ಮಾಡು. ಕೊಕ್ಕ ಕೆಂಪ ಮಾಡು," ಎಂದು ಮೊದಲಿನ ಜೋರಿನಲ್ಲೇ ಹೇಳಿದ. "ಮುಂದಿನ ವಾರ ನಮ್ಮ ಮನಿ ಬಾಗಿಲಾ ಹಚ್ಚಬೇಕು. ಈ ಹುಡುಗೀನ್ನ ಸಾಲಿ ಸೂಟಿ ಇದ್ದ ದಿನಾ ಕರಕೊಂಡ ಬಾ."

"ಬಾಗಿಲಕ್ಕ ಯಾವ ಬಣ್ಣಾ ರಿ?"

"ನೀಲಿ ಹಚ್ಚಪಾ. ನಿನಗ ಗ್ಯಾರಂಟಿ ಕಾಣೂದ ಹಚ್ಚು," ಎಂದು ಮಹಾಂತಪ್ಪ ಕಾಕಾ ಹೊರಟ. ಓಣಿಯ ತಿರುವಿನಲ್ಲಿ ಕೆಂಪು ಗಿಣಿ ನೋಡಲು ಓಡಿ ಬರುತ್ತಿದ್ದ ಹುಡುಗರಿಗೆ, ಮಧುವಿಗೂ ಸೇರಿಸಿ, ಅವನು ಚೆನ್ನಾಗಿ ಬೈದದ್ದು ಇಲ್ಲಿಯವರೆಗೂ ಕೇಳಿಸಿತು.

ಶೀತಲ್ ಹಸಿರು ಡಬ್ಬಿ ಕೊಟ್ಟಳು. ಗಿಣಿಗಳು ಒಂದು ಗರಿ, ಇನ್ನೊಂದು ಗರಿ ಎಂದು ಮೆಲ್ಲಗೆ ಹಸಿರಾದವು. ಅವಳು ಎದ್ದು ಹೋಗಿ ಹಿತ್ತಲಿನಿಂದ ಗೋಣಿ ಹುರಿ ತಂದು ಹಸಿರು ಡಬ್ಬಿಗೆ ಕಟ್ಟಿದಳು. ಮಧುವಿನ ಹಳೆಯ ಸೈಕಲ್ಲಿನ ಟ್ಯೂಬು ತಂದು ಕಂದು ಡಬ್ಬಿಗೆ ಕಟ್ಟಿದಳು. ಕೆಂಪು ಡಬ್ಬಿಯ ಮುಂದೆ ಬಂದು ನಿಂತಳು. ಆಮೇಲೆ ಒಳಗೆ ಹೋದಳು.

ಬರುವಾಗ ಅವಳ ಕೈಯಲ್ಲಿ ಸಾಲೆಗೆ ಕಟ್ಟಿಕೊಂಡು ಹೋಗುವ ಒಂದು ರಿಬ್ಬನ್ ಇತ್ತು. ಎರಡು ಸುತ್ತು ಸುತ್ತಿ, ಜಡೆಗೆ ಹಾಕುವ ಹಾಗೆಯೇ ಹೂಗಂಟು ಹಾಕಿದಳು.

ಮಾಮಾ ಬ್ರಶ್ಶು ಕೆಳಗಿಟ್ಟು ರಿಬ್ಬನ್ನನ್ನು ಬೆರಳಿನಿಂದ ಮುಟ್ಟಿ ನೋಡಿದ. ಅದು ನುಣುಪಾಗಿತ್ತು.

"ಇದು ಕೆಂಪ?"

"ಕೆಂಪ ಮಾಮಾ."

"ನೀ ಅಂದಿ ಅಂದ್ರ ಕೆಂಪ," ಅಂದ ಮಾಮಾ. ಕೊಕ್ಕಿಗೆ ಬಣ್ಣ ತೆಗೆದುಕೊಂಡ.

ದಸರೆ ಸೂಟಿ ಮುಗಿಯಿತು. ಸಾಲೆಗೆ ಹೋಗುವ ಮೊದಲ ದಿನ ಶೀತಲ್ ಬಸ್ ಸ್ಟ್ಯಾಂಡಿನ ಹತ್ತಿರ ಮಾಮಾನನ್ನು ಕಂಡಳು. ಅವನು ಕಿರಾಣಿ ಅಂಗಡಿಯ ಶಟರಿಗೆ ಬಣ್ಣ ಹಚ್ಚುತ್ತಿದ್ದ. ಅಂಗಡಿಯವನ ಜೊತೆ ಏನೋ ಹರಟೆ ನಡೆದಿತ್ತು. ಮಾತಾಡುತ್ತಲೇ, ನೋಡದೆಯೇ, ಅವನ ಕೈ ಹಿಂದಕ್ಕೆ ಡಬ್ಬಿಗಳ ಕಡೆ ಬಂತು. ಹುರಿ ಮುಟ್ಟಿತು, ದಾಟಿತು. ಟ್ಯೂಬು ಮುಟ್ಟಿತು, ದಾಟಿತು. ರಿಬ್ಬನ್ ಸಿಕ್ಕಿತು. ಅಲ್ಲಿ ಅವನ ಬೆರಳು ಒಂದು ಗಳಿಗೆ ಹಾಗೆಯೇ ನಿಂತಿತು. ಆಮೇಲೆ ಡಬ್ಬಿ ಎತ್ತಿಕೊಂಡ.

ಶೀತಲ್ ಮುಂದಕ್ಕೆ ಓಡಿದಳು. ಸಾಲೆಗೆ ತಡವಾಗುತ್ತಿತ್ತು.

ಪ್ರಾರ್ಥನೆ ಮುಗಿದು ಎಲ್ಲರೂ ಕ್ಲಾಸಿಗೆ ಬಂದರು. ಸಂಘಮಿತ್ರಾ ಟೀಚರ್ ಹಾಜರಿ ಹಾಕುತ್ತ ತಲೆ ಎತ್ತಿ ನೋಡಿದರು. ಶೀತಲಳ ಒಂದು ಜಡೆಗೆ ಕೆಂಪು ರಿಬ್ಬನ್, ಇನ್ನೊಂದಕ್ಕೆ ಕರಿ ದಾರ.

"ಇನ್ನೊಂದ ರಿಬ್ಬನ್ ಎಲ್ಲಿ ಶೀತಲ್? ಸೂಟ್ಯಾಗ ಕಳಕೊಂಡಿ ಏನು?"

"ಇಲ್ರಿ ಟೀಚರ್," ಅಂದಳು ಶೀತಲ್. "ಅದು ಕೆಲಸಕ್ಕ ಹೋಗೇತ್ರಿ."